ಎತ್ತರದ ಮೇಲೆ ಒಂದು ಗೇಣು: ನೇತ್ರಾವತಿಯ ಗಳದಿಂದ ಇಂದಿನ ಪ್ಯಾಡಲ್‌ವರೆಗೆ

ಬಂಟ್ವಾಳದ ಹಳೆ ಪೇಟೆ ನೇತ್ರಾವತಿಯ ದಡಕ್ಕೆ ಅಂಟಿಕೊಂಡು ಉದ್ದಕ್ಕೆ ಬೆಳೆದಿದೆ. ಅದನ್ನು ಹಾಗೆ ಬೆಳೆಸಿದ್ದು ರಸ್ತೆಯಲ್ಲ, ದೋಣಿ. ಘಟ್ಟದ ಕಾಫಿ ಎತ್ತಿನಗಾಡಿಯಲ್ಲಿ ಇಲ್ಲಿಗೆ ಇಳಿಯುತ್ತಿತ್ತು. ಇಲ್ಲಿಂದ ದೋಣಿ ಹತ್ತಿ ಮಂಗಳೂರು ಬಂದರು ಸೇರುತ್ತಿತ್ತು. ಕರಾವಳಿಯ ಉಪ್ಪು ಅದೇ ದಾರಿಯಲ್ಲಿ ಮೇಲಕ್ಕೆ ಬರುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನದಿ ದಡದ ಆವೆಮಣ್ಣೂ ದೋಣಿಯಲ್ಲೇ ಸಾಗಿತು.

ದೋಣಿಯ ಬಗ್ಗೆ ಅಷ್ಟಿಷ್ಟು ಬರೆದವರಿದ್ದಾರೆ. ಅದನ್ನು ನಡೆಸಿದವರ ಕೈಯಲ್ಲಿ ಏನಿತ್ತು ಎಂದು ಕೇಳಿದವರು ಕಡಿಮೆ. ಈಗ ಕೇಳಲು ಒಂದು ಕಾರಣವಿದೆ. ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹುಡುಗ ಹುಡುಗಿಯರು ರಜೆ ಸಿಕ್ಕಿದರೆ ಮೂಲ್ಕಿಗೆ ಹೋಗಿ ಹಲಗೆಯ ಮೇಲೆ ನಿಂತು ನೀರು ತಳ್ಳುತ್ತಿದ್ದಾರೆ. ಅದಕ್ಕೆ ಸ್ಟ್ಯಾಂಡಪ್ ಪ್ಯಾಡ್ಲಿಂಗ್ ಎನ್ನುತ್ತಾರೆ. ಹಲಗೆಯ ಬಣ್ಣ ನೋಡಿ ಆರಿಸುವವರು ಪ್ಯಾಡಲ್ ಮಾತ್ರ ಕೊಟ್ಟದ್ದನ್ನು ಹಿಡಿಯುತ್ತಾರೆ. ನಾವೂ ಹಾಗೇ ಮಾಡಿದೆವು. ನಮ್ಮ ತಂಡದ ಅತಿ ಎತ್ತರದವರಿಗೆ ಸಿಕ್ಕಿದ್ದು ಗಿಡ್ಡ ಪ್ಯಾಡಲ್. ಅರ್ಧ ಗಂಟೆ ಬಗ್ಗಿ ಬಗ್ಗಿ ತಳ್ಳಿದ್ದಕ್ಕೆ ಎರಡು ದಿನ ಸೊಂಟ ನೋವು.

ನಮ್ಮ ನದಿಯವರು ಈ ತಪ್ಪು ಮಾಡುತ್ತಿರಲಿಲ್ಲ. ಅವರ ಸಾಧನವನ್ನು ನೀರು ಆರಿಸುತ್ತಿತ್ತು.

ತೆಳು ನೀರಿಗೆ ಬಿದಿರಿನ ಗಳ. ಗಳ ನೀರನ್ನು ತಳ್ಳುವುದಿಲ್ಲ, ನದಿಯ ತಳವನ್ನು ಒತ್ತುತ್ತದೆ. ನೀರು ಜಾರುತ್ತದೆ, ನೆಲ ಜಾರುವುದಿಲ್ಲ. ಆದ್ದರಿಂದ ಹರಿವಿಗೆ ಎದುರಾಗಿ ಹೊರೆ ತರುವಾಗ ಗಳವೇ ಬೇಕು. ಆದರೆ ಅದು ನೀರಿನ ಆಳಕ್ಕಿಂತ ಒಂದಾಳು ಉದ್ದ ಹೆಚ್ಚೇ ಇರಬೇಕು. ಇಲ್ಲದಿದ್ದರೆ ನೆಲ ಸಿಕ್ಕರೂ ಒತ್ತಲು ಕೈಗೆ ಹಿಡಿತ ಉಳಿಯುವುದಿಲ್ಲ.

ನೆಲ ಸಿಗದ ಆಳದಲ್ಲಿ ಹುಟ್ಟು. ದೊಡ್ಡ ದೋಣಿಯಲ್ಲಿ ಅದನ್ನು ಅಂಚಿನ ಗೂಟಕ್ಕೆ ಹಗ್ಗದಿಂದ ಕಟ್ಟುತ್ತಾರೆ. ಗೂಟ ಭಾರ ಹೊರುತ್ತದೆ, ತೋಳು ಎಳೆಯುತ್ತದೆ. ಸಣ್ಣ ದೋಣಿಯಲ್ಲಿ ಕಟ್ಟಿಲ್ಲದ ಕೈಹುಟ್ಟು. ಮುಂದೆ ಸಾಗಿಸುವುದೂ ಅದೇ, ದಿಕ್ಕು ತಿರುಗಿಸುವುದೂ ಅದೇ. ಇಂದಿನ ಪ್ಯಾಡಲ್ ಈ ಕೈಹುಟ್ಟಿನ ಸಂಬಂಧಿ. ನಿಂತು ಹಿಡಿಯುವುದರಿಂದ ಉದ್ದ ಮಾತ್ರ ಗಳದ ಕಡೆಗೆ ಬೆಳೆದಿದೆ.

1907ರಲ್ಲಿ ಮಂಗಳೂರಿಗೆ ರೈಲು ಬಂತು. ಪಾಣೆಮಂಗಳೂರಿನಲ್ಲಿ ಸೇತುವೆಯಾಯಿತು. ಘಟ್ಟದ ರಸ್ತೆಯಲ್ಲಿ ಲಾರಿ ಓಡಿತು. ಬಂಟ್ವಾಳದ ಸರಕು ದೋಣಿಗಳಿಗೆ ಕೆಲಸ ಕಡಿಮೆಯಾಯಿತು. ಕಡವಿನ ದೋಣಿಗಳು ಇನ್ನೂ ಕೆಲವು ಕಾಲ ನಡೆದವು. ಒಂದೊಂದು ಸೇತುವೆಯಾದ ಹಾಗೆ ಒಂದೊಂದು ಕಡವು ಮುಚ್ಚಿತು. ಸೇತುವೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. 1974ರ ನೆರೆ ಕಂಡ ಬಂಟ್ವಾಳದವರಿಗೆ ಮಳೆಗಾಲದ ನೇತ್ರಾವತಿ ಏನೆಂದು ಹೇಳಬೇಕಾಗಿಲ್ಲ. ಆದರೆ ಕಡವಿನ ಜೊತೆ ನೀರು ಓದುವ ಕಣ್ಣೂ ಹೋಯಿತು.

ನಿಂತು ತಳ್ಳುವ ಹಲಗೆಯ ಕತೆ ಹವಾಯಿ ದ್ವೀಪದ್ದು. ಅಲ್ಲಿನ ವೈಕಿಕಿ ಕಡಲತೀರದಲ್ಲಿ 1940ರ ದಶಕದಲ್ಲಿ ಸರ್ಫಿಂಗ್ ಕಲಿಸುವವರು ದೋಣಿಯ ಹುಟ್ಟನ್ನೇ ಹಿಡಿದು ಹಲಗೆಯ ಮೇಲೆ ನಿಲ್ಲುತ್ತಿದ್ದರು ಎನ್ನುತ್ತಾರೆ. 2000ದ ನಂತರ ಇದು ಜಗತ್ತಿಗೆ ಹರಡಿತು. ಕೂತು ಹಾಕುವ ಹುಟ್ಟು ನಿಂತವರಿಗೆ ಗಿಡ್ಡವಾಯಿತು, ಹಾಗಾಗಿ ಉದ್ದ ಪ್ಯಾಡಲ್ ತಯಾರಾಯಿತು. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ ಇದನ್ನು ನಮ್ಮ ಶಾಂಭವಿ ನದಿಗೆ ತಂದಿತು. 2024ರ ಮಾರ್ಚ್‌ನಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು.

ಈಗ ಆರಿಸುವ ವಿಷಯ.

ಉದ್ದ: ನಿಮ್ಮ ಎತ್ತರದ ಮೇಲೆ ಒಂದು ಗೇಣು. ಅಂದರೆ 8ರಿಂದ 9 ಇಂಚು. ಐದೂವರೆ ಅಡಿ ಎತ್ತರದವರಿಗೆ ಸುಮಾರು 6 ಅಡಿ 2 ಇಂಚಿನ ಪ್ಯಾಡಲ್. ಅಳತೆಪಟ್ಟಿ ಬೇಡ. ಪ್ಯಾಡಲನ್ನು ನೆಟ್ಟಗೆ ನಿಲ್ಲಿಸಿ ಪಕ್ಕದಲ್ಲಿ ಕೈ ಮೇಲೆತ್ತಿ. ಹಿಡಿಕೆ ಮಣಿಕಟ್ಟಿನ ಹತ್ತಿರ ಬಂದರೆ ಸರಿ. ಸಮುದ್ರದ ಅಲೆಯ ಮೇಲೆ ಹೋಗುವವರಿಗೆ ಎರಡು ಮೂರು ಇಂಚು ಕಡಿಮೆ ಸಾಕು.

ಎಲೆ: ಕೆಳಗಿನ ಅಗಲ ಭಾಗ ದೊಡ್ಡದಾದಷ್ಟೂ ಹೆಚ್ಚು ನೀರು ಎಳೆಯುತ್ತದೆ, ಭುಜವನ್ನೂ ಎಳೆಯುತ್ತದೆ. ಸಪೂರ ಮೈಯವರಿಗೆ, ಹೊಸಬರಿಗೆ ಸಣ್ಣ ಎಲೆ ಒಳ್ಳೆಯದು. ಎಲೆ ಕೋಲಿನಿಂದ ಸ್ವಲ್ಪ ಬಾಗಿರುತ್ತದೆ. ಆ ಬಾಗು ಮುಂದಕ್ಕೆ, ಹಲಗೆಯ ಮೂತಿಯ ಕಡೆಗೆ ಇರಬೇಕು. ಹೊಸಬರಲ್ಲಿ ಹೆಚ್ಚಿನವರು ತಿರುಗಿಸಿ ಹಿಡಿಯುತ್ತಾರೆ.

ತೂಕ: ಅಲ್ಯೂಮಿನಿಯಂ ಪ್ಯಾಡಲ್ ಒಂದು ಕಿಲೋ ಆಸುಪಾಸು, ಕಾರ್ಬನ್ ಪ್ಯಾಡಲ್ ಅರ್ಧ ಕಿಲೋ ಆಸುಪಾಸು. ನಿಮಿಷಕ್ಕೆ 30 ಸಲ ಎತ್ತಿದರೆ ಗಂಟೆಗೆ 1800 ಸಲ. ಅರ್ಧ ಕಿಲೋ ವ್ಯತ್ಯಾಸ ಗಂಟೆಯಲ್ಲಿ 900 ಕಿಲೋ ಆಗುತ್ತದೆ. ಆದರೂ ಕಲಿಯುವವರು ದುಬಾರಿ ಕಾರ್ಬನ್‌ಗೆ ಹೋಗಬೇಕಾಗಿಲ್ಲ. ಉದ್ದ ಬದಲಿಸಬಹುದಾದ ಅಲ್ಯೂಮಿನಿಯಂ ಸಾಕು. ಮನೆಯವರೆಲ್ಲ ಒಂದರಲ್ಲೇ ಕಲಿಯಬಹುದು.

ಕೊನೆಯ ಮಾತು ಪ್ಯಾಡಲ್‌ಗಿಂತ ದೊಡ್ಡದು. ಮೂಲ್ಕಿಯಲ್ಲಿ ಕಲಿತವರು ಊರಿಗೆ ಬಂದು ನೇತ್ರಾವತಿಗೋ ಫಲ್ಗುಣಿಗೋ ಇಳಿಯುವ ಆಸೆ ಪಡುತ್ತಾರೆ. ಗಳ ಹಿಡಿದವರಿಗೆ ಪ್ರತಿ ಒತ್ತಿಗೂ ಆಳ ಗೊತ್ತಾಗುತ್ತಿತ್ತು. ಪ್ಯಾಡಲ್ ಅದನ್ನು ಹೇಳುವುದಿಲ್ಲ. ಮರಳು ತೆಗೆದ ಕಡೆ ಮೊಣಕಾಲು ನೀರಿನ ಪಕ್ಕದಲ್ಲೇ ಆಳದ ಗುಂಡಿ ಇರುತ್ತದೆ. ಕಿಂಡಿ ಅಣೆಕಟ್ಟಿನ ಹಿಂದೆ ನಿಂತಂತೆ ಕಾಣುವ ನೀರು ಬಾಗಿಲು ತೆರೆದರೆ ಎಳೆಯುತ್ತದೆ. ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ. ಒಬ್ಬರೇ ಇಳಿಯಬೇಡಿ. ಹರಿಯುವ ನದಿಯಲ್ಲಿ ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಬೇಡಿ. ಅದು ಬಂಡೆಗೋ ಬೇರಿಗೋ ಸಿಕ್ಕಿದರೆ ಹರಿವಿನ ಎದುರು ಬಗ್ಗಿ ಬಿಚ್ಚಲು ಆಗುವುದಿಲ್ಲ. ಎಳೆದರೆ ಕಳಚುವ ಸೊಂಟದ ಬೆಲ್ಟ್‌ಗೆ ಕಟ್ಟಿ. ಮಳೆಗಾಲದಲ್ಲಿ ನದಿಯ ಹತ್ತಿರವೂ ಬೇಡ.

ಇಳಿಯುವ ಮೊದಲು ಆ ದಡದಲ್ಲಿ ದೋಣಿ ನಡೆಸಿದ ಹಿರಿಯರಿದ್ದರೆ ಹೋಗಿ ಮಾತಾಡಿಸಿ. ಎಲ್ಲಿ ಬಂಡೆ, ಎಲ್ಲಿ ಸುಳಿ ಎಂದು ಅವರಿಗೆ ಗೊತ್ತಿರುತ್ತದೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆ ಹುಟ್ಟು ಇದ್ದರೆ ಅದರ ಉದ್ದ ಅಳೆದು ನಮಗೆ ತಿಳಿಸಿ. ಯಾವ ಕಡವಿನದ್ದು, ಯಾವ ಮರದ್ದು, ಹಿಡಿದವರ ಎತ್ತರ ಎಷ್ಟಿತ್ತು ಎಂದೂ ಬರೆಯಿರಿ. ಆ ಒಂದು ಗೇಣಿನ ಲೆಕ್ಕ ಅವರಿಗೂ ಹೊಂದುತ್ತದೆಯೇ ನೋಡೋಣ.