ಹುಳುಕಡ್ಡಿಯ ಎರಡು ಯಾತ್ರೆಗಳು

ಜನಸಂಚಾರದೊಡನೆ ರೋಗವೂ ಸಂಚರಿಸುವುದೆಂಬುದಕ್ಕೆ ಚರಿತ್ರಕಾರರು ಸಾಮಾನ್ಯವಾಗಿ ಪ್ಲೇಗು, ಕಾಲರಾಗಳನ್ನು ನಿದರ್ಶನವಾಗಿ ಕೊಡುತ್ತಾರೆ. ಪ್ರಾಣಾಂತಿಕವಲ್ಲದ ಹುಳುಕಡ್ಡಿಯನ್ನು ಗಣನೆಗೆ ತಂದವರು ವಿರಳ. ಆದರೆ ಚರ್ಮದ ಈ ಬೇನೆಯನ್ನುಂಟುಮಾಡುವ ಎರಡು ಶಿಲೀಂಧ್ರಗಳ ಯಾತ್ರೆಗಳನ್ನು ಹೋಲಿಸಿದರೆ, ಔಷಧಕ್ಕೆ ಮಣಿಯದ ರೋಗವು ದೇಶಾಂತರ ಹೋಗುವ ಬಗೆ ವಿಶದವಾಗುವುದೆಂದು ನಾವು ಭಾವಿಸುತ್ತೇವೆ.

ಮೊದಲನೆಯದು ಟ್ರೈಕೊಫೈಟಾನ್ ರೂಬ್ರಮ್. ಸಿಂಹಳದಲ್ಲಿ ಕೆಲಸಮಾಡುತ್ತಿದ್ದ ಇಟಲಿಯ ವೈದ್ಯ ಆಲ್ಡೊ ಕ್ಯಾಸ್ಟೆಲಾನಿ ಇದನ್ನು 1910ರಲ್ಲಿ ವರ್ಣಿಸಿದನು. ಆಗ್ನೇಯ ಏಷ್ಯ, ಪಶ್ಚಿಮ ಆಫ್ರಿಕ ಮೊದಲಾದ ಉಷ್ಣಪ್ರದೇಶಗಳು ಇದರ ತವರೆಂದು ವಿದ್ವಾಂಸರ ಮತ. ಬರಿಗಾಲಿನಲ್ಲಿ ನಡೆಯುತ್ತಿದ್ದ ಅಲ್ಲಿನ ಜನರ ಪಾದಗಳನ್ನು ಅದು ಅಷ್ಟಾಗಿ ಬಾಧಿಸಲಿಲ್ಲ. ಬೂಟು ತೊಟ್ಟ ವಸಾಹತು ಅಧಿಕಾರಿಗಳ, ಸೈನಿಕರ ಬೆವರಿದ ಪಾದಗಳಲ್ಲಿ ಅದಕ್ಕೆ ಹೊಸ ನೆಲೆ ದೊರೆಯಿತು. ಹಡಗುಗಳಲ್ಲಿ ಅವರೊಡನೆ ಅದು ಯೂರೋಪು, ಅಮೆರಿಕಗಳನ್ನು ಸೇರಿತು. ಈ ಯಾತ್ರೆಗೆ ದಶಕಗಳೇ ಹಿಡಿದವು. ಆದರೆ ಹೊರಟಾಗ ಆ ಶಿಲೀಂಧ್ರವು ಯಾವ ಔಷಧವನ್ನೂ ಎದುರಿಸಿ ಬಲಿತುದಾಗಿರಲಿಲ್ಲ. 1958ರಲ್ಲಿ ಗ್ರೈಸಿಯೋಫುಲ್ವಿನ್ ಚಿಕಿತ್ಸೆ ಬಳಕೆಗೆ ಬಂದಾಗಲೂ, 1990ರ ದಶಕದಲ್ಲಿ ಟರ್ಬಿನಾಫಿನ್ ಬಂದಾಗಲೂ ಅದು ಬಹುಮಟ್ಟಿಗೆ ಮಣಿಯಿತು.

ಎರಡನೆಯದು ನಮ್ಮ ಕಾಲದ್ದು. ಒಬ್ಬ ಭಾರತೀಯ, ಒಬ್ಬ ನೇಪಾಳಿ ರೋಗಿಯಿಂದ ದೊರೆತ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಟರ್ಬಿನಾಫಿನ್ ತಡೆಯಬೇಕಾದ ಕಿಣ್ವದ ರಚನೆಯೇ ಇದರಲ್ಲಿ ಮಾರ್ಪಟ್ಟಿರುವುದರಿಂದ ಆ ಔಷಧ ಅನೇಕವೇಳೆ ನಿಷ್ಫಲವಾಗುತ್ತದೆ. ವಿಮಾನಯಾನದ ಈ ಯುಗದಲ್ಲಿ ಅದು ಕೆಲವೇ ವರ್ಷಗಳಲ್ಲಿ ಹಲವು ಖಂಡಗಳಲ್ಲಿ ಕಾಣಿಸಿಕೊಂಡಿತು.

ಈ ಸಾಮರ್ಥ್ಯವನ್ನು ಅದು ಪಡೆದುದು ಪಯಣದಲ್ಲಲ್ಲ. ದಕ್ಷಿಣ ಏಷ್ಯದಲ್ಲಿ ಪ್ರಬಲ ಸ್ಟೀರಾಯ್ಡ್ ಬೆರೆತ ಮುಲಾಮುಗಳು ವೈದ್ಯರ ಚೀಟಿಯಿಲ್ಲದೆಯೇ ಅಂಗಡಿಗಳಲ್ಲಿ ದೊರೆಯುತ್ತಿದ್ದವು. ಅವು ತುರಿಕೆಯನ್ನು ಅಡಗಿಸುತ್ತವೆ, ಶಿಲೀಂಧ್ರವನ್ನು ಅಳಿಸುವುದಿಲ್ಲ. ಗುಣವಾಯಿತೆಂದು ರೋಗಿ ಔಷಧವನ್ನು ನಡುವೆಯೇ ಬಿಡುತ್ತಾನೆ. ರೋಗವು ಬಲಿತುದಕ್ಕೆ ಇದು ಮುಖ್ಯ ಕಾರಣವೆಂದು ಚರ್ಮವೈದ್ಯರು ಬಗೆಯುತ್ತಾರೆ. 2018ರಲ್ಲಿ ಭಾರತ ಸರ್ಕಾರವು ಇಂತಹ ಹಲವು ಸ್ಟೀರಾಯ್ಡುಗಳ ಮಾರಾಟಕ್ಕೆ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿತು.

2023ರಲ್ಲಿ ನ್ಯೂಯಾರ್ಕಿನಿಂದ ಇಬ್ಬರು ರೋಗಿಗಳ ವರದಿ ಬಂದಿತು. ಒಬ್ಬಾಕೆಗೆ ರೋಗವು ಬಾಂಗ್ಲಾದೇಶದಲ್ಲಿದ್ದಾಗ ಕಾಣಿಸಿಕೊಂಡಿತ್ತು. ಟರ್ಬಿನಾಫಿನ್ ಸೋತಮೇಲೆ ಹಳೆಯ ಗ್ರೈಸಿಯೋಫುಲ್ವಿನ್ನೇ ಆಕೆಗೆ ಬಹಳಷ್ಟು ಗುಣವನ್ನು ಕೊಟ್ಟಿತು. ಇನ್ನೊಬ್ಬಾಕೆ ಸಮೀಪಕಾಲದಲ್ಲಿ ಪರದೇಶಕ್ಕೆ ಹೋದವಳೇ ಅಲ್ಲ. ರೋಗವು ಒಮ್ಮೆ ನೆಲೆಯೂರಿದರೆ ಅದಕ್ಕೆ ಯಾತ್ರಿಕನ ಹಂಗಿಲ್ಲವೆಂಬುದನ್ನು ಇದು ಸೂಚಿಸುತ್ತದೆ.

ಹೀಗಿರಲು, ಒಂದು ದೇಶದ ಹೆಸರು ಹೊತ್ತ ರೋಗಕ್ಕೆ ಆ ದೇಶದ ಪ್ರಯಾಣಿಕನನ್ನು ದೂಷಿಸುವುದು ಉಚಿತವಲ್ಲ. ಸಂಚಾರವು ರೋಗವನ್ನು ಒಯ್ಯುತ್ತದೆ. ಅದನ್ನು ಬಲಿಸುವುದು ಔಷಧದ ದುರ್ಬಳಕೆ. ತಡೆಯ ಮೊದಲ ಸ್ಥಾನವು ಬಂದರು, ವಿಮಾನನಿಲ್ದಾಣಗಳಲ್ಲ, ಔಷಧದ ಅಂಗಡಿಯೆಂಬುದು ನಮ್ಮ ಅಭಿಪ್ರಾಯ.