ಅರಸರು ಹೋದರು, ಕಂಪನಿ ಉಳಿಯಿತು

ದಿನಾ ಬಂಗಾರಪೇಟೆಯಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಆಫೀಸಿನ ಬಾಗಿಲ ಯಂತ್ರಕ್ಕೆ ಬೆರಳು ಒತ್ತಿ ಒಳಗೆ ಹೋಗುವವನು ನಾನು. ಇದೇ ಬೆರಳಚ್ಚು ಬೇಡ ಅಂತ 1930ರಲ್ಲಿ ಕೆಜಿಎಫ್ ಕಾರ್ಮಿಕರು ಮುಷ್ಕರ ಹೂಡಿದ್ದರು ಎಂದು ಓದಿದಾಗ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು.

ಆಗ ನಮ್ಮದು ಮಹಾರಾಜರ ಮೈಸೂರು. ಆದರೆ ಗಣಿಯೊಳಗೆ ದೊರೆ ಯಾರು? ಲಂಡನ್ನಿನ ಜಾನ್ ಟೇಲರ್ ಕಂಪನಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂದದ್ದೂ ಮೊದಲು ಈ ಗಣಿಗೇ. ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, ನಿಜ. ಆದರೆ ಆಸ್ತಿಪಾಸ್ತಿ ಇದ್ದವರ, ಓದಿದವರ ಸಭೆ ಅದು. ಗಣಿಗೆ ಇಳಿಯುವವನಿಗೆ ಅಲ್ಲಿ ದನಿ ಇರಲಿಲ್ಲ. ಆ ಖಾಲಿ ಜಾಗಕ್ಕೆ ಬಂದದ್ದು ಕಾರ್ಮಿಕ ಸಂಘ, ಅದರ ಜೊತೆಗೆ ಕೆಂಪು ಬಾವುಟ.

1947ರ ಆಗಸ್ಟಿನಲ್ಲಿ ಜಯಚಾಮರಾಜ ಒಡೆಯರು ಭಾರತಕ್ಕೆ ಸೇರಲು ಸಹಿ ಹಾಕಿದರು. ಆದರೂ ಜವಾಬ್ದಾರಿ ಸರ್ಕಾರ ಬರಲಿಲ್ಲ. ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ನಡೆಯಿತು. ಅಕ್ಟೋಬರಿನಲ್ಲಿ ಅರಮನೆ ಮಣಿಯಿತು, ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಅವರ ಊರು ಯಾವುದು ಗೊತ್ತಾ? ಗಣಿಗೆ ಹತ್ತಿರದ ಕ್ಯಾಸಂಬಳ್ಳಿ!

ಇನ್ನು ಕೆಜಿಎಫ್ ಪೂರ್ತಿ ಕಾಂಗ್ರೆಸ್ಸಿನದು ಅಂದುಕೊಳ್ಳಬೇಕಲ್ಲವೇ? ಆಗಲಿಲ್ಲ. ಎಲ್ಲರಿಗೂ ಮತ ಸಿಕ್ಕ 1952ರ ಚುನಾವಣೆಯಲ್ಲಿ ಕಮ್ಯುನಿಸ್ಟ್ ಪಕ್ಷದ ಕೆ.ಎಸ್. ವಾಸನ್ ಇಲ್ಲಿಂದ ಗೆದ್ದರು. 1957ರಲ್ಲಿ ಅದೇ ಪಕ್ಷದ ಎಂ.ಸಿ. ನರಸಿಂಹನ್ ಗೆದ್ದರು. 1952ರ ಗೆಲುವಿಗೆ ಕಾರಣ ಸರಳ: ಅರಸರು ಇಳಿದರೂ ಕಂಪನಿ ಇಳಿದಿರಲಿಲ್ಲ.

ಆ 1957ರಲ್ಲೇ ಪಕ್ಕದ ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಮುಖ್ಯಮಂತ್ರಿಯಾದರು. ಅಲ್ಲಿ ಕೆಂಪು ಬಾವುಟ ಗೇಣಿ ರೈತನ ಮನೆಗೂ ಹೋಗಿತ್ತು. ನಮ್ಮಲ್ಲಿ ಅದು ಗಣಿಯ ಲೈನ್ ಮನೆಗಳನ್ನು ದಾಟಿ ಹೆಚ್ಚು ದೂರ ಹೋಗಲಿಲ್ಲ. ಸುತ್ತಲಿನ ಕನ್ನಡ, ತೆಲುಗಿನ ರಾಗಿ ಹೊಲದವರಿಗೂ ತಮಿಳು ಮಾತಾಡುವ ಗಣಿಯವರಿಗೂ ಒಂದೇ ಸಂತೆ ಇತ್ತು, ಒಂದೇ ಸಂಘ ಇರಲಿಲ್ಲ. ಇದು ನನ್ನ ಅಭಿಪ್ರಾಯ, ತಪ್ಪಿದ್ದರೆ ತಿದ್ದಿ.

ಕಂಪನಿ ಹೋದದ್ದು 1956ರ ನವೆಂಬರಿನಲ್ಲಿ, ರಾಜ್ಯ ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿದಾಗ. ತಮಾಷೆ ನೋಡಿ, ಆಗ ರಾಜ್ಯಪಾಲರಾಗಿದ್ದವರು ಅದೇ ಜಯಚಾಮರಾಜ ಒಡೆಯರು! ಕೆಂಪು ಬಾವುಟದವರು ಕೇಳುತ್ತಿದ್ದುದನ್ನು ಕಾಂಗ್ರೆಸ್ ಸರ್ಕಾರ ಮಾಜಿ ಮಹಾರಾಜರ ಹೆಸರಿನಲ್ಲಿ ಮಾಡಿತು.

ಆಗ ತಾತ ಹೈಸ್ಕೂಲಿನಲ್ಲಿದ್ದರಂತೆ. "ಇನ್ನು ಗಣಿ ನಮ್ದೇ ಕಣೋ ಅಂತ ಕುಣಿದಿದ್ವಿ" ಅನ್ನುತ್ತಾರೆ. ಮುಂದೆ ಅವರೂ ಚಾಂಪಿಯನ್ ರೀಫ್ ಗಣಿಗೆ ಇಳಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮುಚ್ಚಿದ್ದು ಮಹಾರಾಜರಲ್ಲ, ಬಿಳಿಯರ ಕಂಪನಿಯೂ ಅಲ್ಲ.

"ಮತ್ತೆ ಗಣಿ ಯಾರ್ದಾಗಿತ್ತು ತಾತ?" ಅಂತ ಕೇಳಿದೆ. ಅವರು ಉತ್ತರ ಹೇಳಲಿಲ್ಲ. "ರೈಲಿಗೆ ಹೊತ್ತಾಯ್ತು, ಹೋಗು" ಅಂದರು.