ಕೂಡಿಡುವ ಕೈ, ಬಿಚ್ಚುವ ಕೈ: ಕರ್ನಾಟಕದ ಉಳಿತಾಯ ನಡೆದು ಬಂದ ದಾರಿ

ಹಗೇವು, ಒಡವೆ, ಸಹಕಾರ ಸಂಘ, ಪಿಗ್ಮಿ, ಚೀಟಿ, ಸ್ತ್ರೀಶಕ್ತಿ ಗುಂಪು, ಈಗ ಮೊಬೈಲಿನಲ್ಲೇ ಕಟ್ಟುವ ಮ್ಯೂಚುವಲ್ ಫಂಡ್ ಕಂತಾದ ಎಸ್‌ಐಪಿ. ಕರ್ನಾಟಕದ ಜನ ದುಡ್ಡು ಕೂಡಿಡಲು ಕಂಡುಕೊಂಡ ದಾರಿಗಳು ಹಲವು. ಇವುಗಳ ಚರಿತ್ರೆಯನ್ನು ಬ್ಯಾಂಕುಗಳ ಬೆಳವಣಿಗೆಯಾಗಿ, ಬಡ್ಡಿಯ ಲೆಕ್ಕವಾಗಿ ಹೇಳುವುದು ವಾಡಿಕೆ. ಈ ಲೇಖನ ಬೇರೊಂದು ಪ್ರಶ್ನೆ ಹಿಡಿದು ಹೊರಡುತ್ತದೆ: ಹೀಗೆ ಕೂಡಿಟ್ಟದ್ದನ್ನು ಯಾರು, ಯಾವಾಗ ಖರ್ಚು ಮಾಡಬಹುದಿತ್ತು? ಸಂಪತ್ತೆಂದರೆ ಕಷ್ಟಕ್ಕೋ ಶುಭಕ್ಕೋ, ಬೇಕಾದ ಹೊತ್ತಿಗೆ ಇನ್ನೊಬ್ಬರ ಮುಂದೆ ಕೈಯೊಡ್ಡದೆ ಖರ್ಚು ಮಾಡಬಲ್ಲ ಶಕ್ತಿ ಎಂದು ನಾನು ನಂಬಿದ್ದೇನೆ. ಆ ಶಕ್ತಿ ಕೊಟ್ಟ ವ್ಯವಸ್ಥೆಗಳನ್ನು ಜನ ತಲೆಮಾರುಗಟ್ಟಲೆ ಬಿಟ್ಟುಕೊಟ್ಟಿಲ್ಲ.

ನೆಲದೊಳಗಿನ ಕಾಳು

ನಾಣ್ಯ ಅಪರೂಪವಾಗಿದ್ದ ಕಾಲದಲ್ಲಿ ರೈತನ ಆಸ್ತಿಯೆಂದರೆ ಕಾಳು ಮತ್ತು ದನ. ಬಯಲುಸೀಮೆಯಲ್ಲಿ ರಾಗಿ, ಜೋಳವನ್ನು ನೆಲದಲ್ಲಿ ತೋಡಿದ ಕಣಜವಾದ ಹಗೇವಿಗೆ ತುಂಬುತ್ತಿದ್ದರು. ಹಗೇವಿನ ಬಾಯಿ ಕಿರಿದು, ಒಡಲು ಹಿರಿದು. ಒಳಗೋಡೆಗೆ ಹುಲ್ಲು ಕೊಟ್ಟು, ಕಾಳು ಸುರಿದು, ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವುದು ಮಾತ್ರ ಸುಲಭವಿರಲಿಲ್ಲ. ಮುಚ್ಚಳ ಸರಿಸಿ ಒಳಗಿನ ಕೆಟ್ಟ ಗಾಳಿ ಹೋಗಲು ಬಿಡಬೇಕು. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಅವಸರಪಟ್ಟು ಇಳಿದವರು ಉಸಿರುಕಟ್ಟಿ ಸತ್ತದ್ದೂ ಉಂಟು. ಇಷ್ಟು ಹರಸಾಹಸ ಇದ್ದುದರಿಂದಲೇ ಸಣ್ಣಪುಟ್ಟ ಆಸೆಗೆ ಯಾರೂ ಹಗೇವು ತೆಗೆಯುತ್ತಿರಲಿಲ್ಲ. ತೆಗೆಯುವ ಕಷ್ಟವೇ ಕಾಳಿಗೆ ಕಾವಲಾಗಿತ್ತು.

ಆದರೆ ಹಗೇವು ಇದ್ದದ್ದು ಹೊಲ ಇದ್ದವರಿಗೆ. ಕೂಲಿಯವರಿಗೆ ತುಂಬಲು ಕಾಳೇ ಇರಲಿಲ್ಲ. 1876–78ರ ಮಹಾಕ್ಷಾಮದಲ್ಲಿ ಮಳೆ ಮತ್ತೆ ಮತ್ತೆ ಕೈಕೊಟ್ಟಾಗ ಉಳ್ಳವರ ದಾಸ್ತಾನೂ ಬರಿದಾಯಿತು. ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದನೇ ಒಂದು ಭಾಗ ಕಳೆದುಕೊಂಡಿತು. ಎಲ್ಲರ ಮನೆಗೂ ಒಟ್ಟಿಗೇ ಬರುವ ಬರವನ್ನು ಒಂದು ಮನೆಯ, ಒಂದೇ ಊರಿನ ಉಳಿತಾಯ ತಡೆಯಲಾರದು ಎಂಬುದು ಅಷ್ಟು ಜೀವ ತೆತ್ತು ಕಲಿತ ಪಾಠ.

ಹೆಚ್ಚಾದದ್ದು ಯಾರದು?

ಎಷ್ಟು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಈ ನಾಡು ಹನ್ನೆರಡನೆಯ ಶತಮಾನದಲ್ಲೇ ಎತ್ತಿಕೊಂಡಿತ್ತು. ಕಲ್ಯಾಣದ ಶರಣರು ದುಡಿಮೆಯನ್ನು ಕಾಯಕವೆಂದು ಗೌರವಿಸಿದರು. ಅದರ ಫಲವನ್ನು ಹಂಚಿ ಉಣ್ಣುವುದನ್ನು ದಾಸೋಹವೆಂದರು. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳೆಂದು ಶರಣ ಪರಂಪರೆ ಹೇಳುತ್ತದೆ. ಅವಳದು ಬಡತನದ ವೈಭವೀಕರಣವಾಗಿರಲಿಲ್ಲ. ಅಗತ್ಯದ ಗೆರೆಯನ್ನು ತಾನೇ ಎಳೆದುಕೊಳ್ಳುವ ಧೈರ್ಯವಾಗಿತ್ತು.

ಈ ಆದರ್ಶದ ಹಿಂದೆ ಒಂದು ಭರವಸೆಯೂ ಇತ್ತು. ಇಂದು ನಾನು ಹಂಚಿದರೆ, ನಾಳೆ ನನ್ನ ಮನೆಯಲ್ಲಿ ಒಲೆ ಉರಿಯದಿದ್ದಾಗ ನನ್ನ ಜೊತೆಯವರು ಕೈಬಿಡುವುದಿಲ್ಲ ಎಂಬ ಭರವಸೆ. ಅಂಥ ಬಳಗ ಇರುವಲ್ಲಿ ನಾಳೆಗೆಂದು ಬಚ್ಚಿಡುವುದು ಲೋಭವಾಗುತ್ತದೆ. ಬಳಗ ಚದುರಿದಲ್ಲಿ ಅದೇ ಕೆಲಸ ಎಚ್ಚರಿಕೆಯಾಗುತ್ತದೆ. ಆಮೇಲೆ ಬಂದ ಸಹಕಾರ ಸಂಘ, ಚೀಟಿ, ಗುಂಪುಗಳನ್ನೆಲ್ಲ ಆ ಭರವಸೆಯನ್ನು ಲೆಕ್ಕಪುಸ್ತಕದ ಮೂಲಕ ಮತ್ತೆ ಕಟ್ಟುವ ಯತ್ನಗಳೆಂದೇ ಓದಬಹುದು.

ಕಣಗಿನಹಾಳದಿಂದ ಕರಾವಳಿಗೆ

1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘವೆಂಬ ಹೆಸರು ಅದಕ್ಕಿದೆ. ಬಿತ್ತನೆ ಹೊತ್ತಿಗೆ ಸಾಹುಕಾರನ ಬಾಗಿಲು ತಟ್ಟುವ ಬದಲು ಊರವರೇ ಊರವರಿಗೆ ಸಾಲ ಕೊಡುವ ಏರ್ಪಾಡು ಅದು.

ಅತ್ತ ಕರಾವಳಿಯಲ್ಲಿ ಇನ್ನೊಂದು ಕವಲು ಒಡೆಯಿತು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ಸಂಸ್ಥೆಗಳು ಮುಂದೆ ಕಾರ್ಪೊರೇಷನ್ ಬ್ಯಾಂಕ್, ಕೆನರಾ ಬ್ಯಾಂಕ್ ಆದವು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ಹಳೆ ಮೈಸೂರಿನಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ ಮೈಸೂರು ಬ್ಯಾಂಕ್ ಶುರುವಾಗಿತ್ತು. ಅಂದಿನ ಒಂದೇ ಕರಾವಳಿ ಜಿಲ್ಲೆಯಿಂದ ಐದು ಬ್ಯಾಂಕುಗಳು ಎದ್ದು ದೇಶಕ್ಕೆ ಹಬ್ಬಿದ್ದು ಕನ್ನಡ ನಾಡಿನ ಆರ್ಥಿಕ ಚರಿತ್ರೆಯ ದೊಡ್ಡ ಅಧ್ಯಾಯ.

ದಿನಕ್ಕೆ ಎರಡಾಣೆ

ಈ ಅಧ್ಯಾಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 1928ರ ಪಿಗ್ಮಿ ಠೇವಣಿ. ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವರು ಸಿಂಡಿಕೇಟ್ ಸಂಸ್ಥೆಯನ್ನು ಕಟ್ಟಿದ್ದು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು. ನೇಕಾರ, ಮೀನು ಮಾರುವವಳು, ಗೂಡಂಗಡಿಯವ ಬ್ಯಾಂಕಿನ ಮೆಟ್ಟಿಲು ಹತ್ತುವವರಲ್ಲ. ಹಾಗಾಗಿ ಬ್ಯಾಂಕೇ ಅವರ ಬಾಗಿಲಿಗೆ ಹೋಯಿತು. ಏಜೆಂಟ್ ದಿನಾ ಬಂದು ಎರಡಾಣೆಯಷ್ಟು ಕಡಿಮೆ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದ. ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ಒಂದು ದಿನವೂ ತಪ್ಪದಿದ್ದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಪಾಸ್‌ಬುಕ್ಕಿಗೇ ಇಳಿಯಿತು.

ಪಿಗ್ಮಿಯ ಬಲ ಬಡ್ಡಿಯಲ್ಲಿ ಇರಲಿಲ್ಲ, ಏಜೆಂಟನ ಹೆಜ್ಜೆಯಲ್ಲಿತ್ತು. ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ಕಾಸು ಇರುವ ಹೊತ್ತಿಗೇ ಅವನು ಬರುತ್ತಾನೆ. ಆ ಕಾಸು ಬೇರೆ ದಾರಿ ಹಿಡಿಯುವ ಮೊದಲೇ ಚೀಟು ಬರೆದು ಕೊಡುತ್ತಾನೆ. ಆಂಧ್ರದ ವಿಜಯವಾಡದ ಕೊಳೆಗೇರಿಯಲ್ಲಿ ಹೀಗೆಯೇ ದುಡ್ಡು ಸಂಗ್ರಹಿಸುತ್ತಿದ್ದ ಒಬ್ಬ ಮಹಿಳೆಯ ಬಗ್ಗೆ ಬಡವರ ಹಣಕಾಸಿನ ಅಧ್ಯಯನಕಾರ ಸ್ಟುವರ್ಟ್ ರುದರ್‌ಫರ್ಡ್ ಬರೆದಿದ್ದಾರೆ. ಆಕೆ ಕೊಡುವ ಕಾರ್ಡಿನಲ್ಲಿ 220 ಚೌಕಗಳು. ಚೌಕಕ್ಕೆ ಐದು ರೂಪಾಯಿಯಂತೆ ಕಟ್ಟಿ ಒಟ್ಟು 1,100 ರೂಪಾಯಿ ಕೊಟ್ಟವರಿಗೆ ಕೊನೆಯಲ್ಲಿ ಸಿಗುತ್ತಿದ್ದುದು 1,000. ಉಳಿದ ನೂರು ಆಕೆಯ ಸಂಬಳ. ಬಡವರು ಬಡ್ಡಿ ಕೇಳಲಿಲ್ಲ, ಕೈಯಿಂದಲೇ ಕೂಲಿ ಕೊಟ್ಟು ಉಳಿಸಿದರು. ಶಾಲೆ ಫೀಸಿಗೆ, ಹಬ್ಬದ ಬಟ್ಟೆಗೆ ಒಂದು ಇಡಿಗಂಟು ಕೈಗೆ ಬರುವುದಕ್ಕೆ ಅವರು ಕೊಟ್ಟ ಬೆಲೆ ಅದು. ಬಡವರಿಗೆ ಉಳಿತಾಯದ ಬುದ್ಧಿ ಇಲ್ಲ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕುಳಿತು ನೋಡಬೇಕು.

1969ರಲ್ಲಿ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ 1980ರಲ್ಲಿ ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡವು. ಶಾಖೆಗಳು ಹಳ್ಳಿ ಹಳ್ಳಿಗೆ ಹೋದವು. 2017ರಿಂದ 2020ರ ಒಳಗಿನ ವಿಲೀನಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ಹೆಸರುಗಳು ಬೋರ್ಡಿನಿಂದ ಮರೆಯಾದವು. ಪಿಗ್ಮಿ ಮಾತ್ರ ಸಹಕಾರ ಸಂಘಗಳಲ್ಲಿ, ಸೌಹಾರ್ದಗಳಲ್ಲಿ, ಪೇಟೆ ಬೀದಿಗಳಲ್ಲಿ ಇಂದಿಗೂ ನಡೆಯುತ್ತಿದೆ.

ಚೀಟಿ ಮತ್ತು ಸಂಘ

ಪಿಗ್ಮಿಯಲ್ಲಿ ಗಂಟು ಕೊನೆಗೆ ಸಿಗುತ್ತದೆ. ಅಷ್ಟು ದಿನ ಕಾಯಲಾಗದವರ ದಾರಿ ಚೀಟಿ. ಇಪ್ಪತ್ತು ಜನ ತಿಂಗಳಿಗೆ ಸಾವಿರದಂತೆ ಹಾಕಿದರೆ ತಿಂಗಳ ಮೊತ್ತ ಇಪ್ಪತ್ತು ಸಾವಿರ. ಮಗಳ ಮದುವೆ ಇದ್ದವರು ತಿಂಗಳ ಹರಾಜಿನಲ್ಲಿ ನಾಲ್ಕು ಸಾವಿರ ಬಿಟ್ಟು ಕೂಗಿದರೆ ಹದಿನಾರು ಸಾವಿರ ಅಂದೇ ಕೈಗೆ ಬರುತ್ತದೆ. ಬಿಟ್ಟ ಹಣದಲ್ಲಿ ಚೀಟಿ ನಡೆಸುವವರ ಕಮಿಷನ್ ಕಳೆದು ಉಳಿದದ್ದು ಸದಸ್ಯರಿಗೆ ಹಂಚಿಕೆ. ಅವಸರ ಇದ್ದವರಿಗೆ ಸಾಲ, ಇಲ್ಲದವರಿಗೆ ಉಳಿತಾಯ, ಎರಡೂ ಒಂದೇ ಕೂಟದಲ್ಲಿ. ಅಪಾಯವೂ ಅಲ್ಲೇ ಇದೆ. ನಂಬಿದ ವ್ಯಕ್ತಿ ರಾತ್ರೋರಾತ್ರಿ ಊರು ಬಿಟ್ಟರೆ ಇಪ್ಪತ್ತು ಮನೆಯ ಕನಸು ಒಟ್ಟಿಗೇ ಮುಳುಗುತ್ತದೆ. 1982ರ ಚಿಟ್ ಫಂಡ್ ಕಾಯ್ದೆ ನೋಂದಣಿ, ಭದ್ರತಾ ಠೇವಣಿಗಳನ್ನು ಕಡ್ಡಾಯ ಮಾಡಿದ್ದು ಈ ಕಾರಣಕ್ಕೇ. ನೋಂದಣಿಯಾಗದ ಚೀಟಿ ಎಷ್ಟೇ ಪರಿಚಿತರದ್ದಾದರೂ ಹಾಕಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ ಕರ್ನಾಟಕದ ಮೈರಾಡ ಸ್ವಯಂಸೇವಾ ಸಂಸ್ಥೆ ಇನ್ನೊಂದು ಮಾದರಿಯನ್ನು ಬೆಳೆಸಿತು. ದೊಡ್ಡ ಸಹಕಾರ ಸಂಘಗಳು ಕುಸಿದಲ್ಲಿ ಸದಸ್ಯರು ಪರಸ್ಪರ ನಂಬಿಕೆ ಇದ್ದವರ ಚಿಕ್ಕ ಗುಂಪುಗಳಾಗಿ ಒಡೆದುಕೊಂಡಿದ್ದರು. ಮೈರಾಡ ಆ ಗುಂಪುಗಳಿಗೇ ಬಲ ಕೊಟ್ಟಿತು. ಹತ್ತಿಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಸೇರುವುದು, ಹತ್ತೋ ಇಪ್ಪತ್ತೋ ರೂಪಾಯಿ ಹಾಕುವುದು, ಯಾರಿಗೆ ಎಷ್ಟು ಸಾಲವೆಂದು ಅವರೇ ತೀರ್ಮಾನಿಸುವುದು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ 500 ಗುಂಪುಗಳ ಗುರಿಯಿಟ್ಟು ಇಂಥ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಮುಂದೆ ಅದು ದೇಶದ ಉದ್ದಗಲಕ್ಕೂ ಹರಡಿತು. ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000ದಲ್ಲಿ ಬಂತು. ಇಂಥ ಸಂಘಗಳು ಬರುವವರೆಗೆ ಹೆಣ್ಣಿನ ಉಳಿತಾಯವೆಂದರೆ ಸಾಸಿವೆ ಡಬ್ಬಿಯ ನೋಟು, ಕೊರಳ ಒಡವೆ. ಡಬ್ಬಿಯ ದುಡ್ಡನ್ನು ಮನೆಯವರು ಕಂಡರೆ ಹೋಯಿತು. ಒಡವೆ ಗಿರವಿ ಅಂಗಡಿ ಸೇರಲು ಗಂಡನ ಒಂದು ಮಾತು ಸಾಕಿತ್ತು. ಸಂಘದ ದುಡ್ಡಿಗೆ ಹತ್ತಾರು ಹೆಂಗಸರ ಸಾಕ್ಷಿ ಇತ್ತು. 2016ರ ನೋಟು ರದ್ದತಿಯಲ್ಲಿ ಡಬ್ಬಿಯ ಗುಟ್ಟುಗಳು ರಟ್ಟಾದಾಗ, ತಮ್ಮ ಹೆಸರಿನಲ್ಲಿ ಖಾತೆ ಇರುವುದರ ಬೆಲೆ ಅನೇಕರಿಗೆ ಅರಿವಾಯಿತು.

ಗುಂಪಿನ ಇದೇ ಬಲವನ್ನು ಸಾಲದ ವ್ಯಾಪಾರವೂ ಹಿಡಿದುಕೊಂಡಿತು. ಮೊದಲು ಉಳಿಸಿ ಆಮೇಲೆ ಸಾಲ ಪಡೆಯುವ ಶಿಸ್ತು ಮಾಯವಾಗಿ, ಮೊದಲೇ ಸಾಲ ಸುರಿಯುವ ಕಿರು ಹಣಕಾಸು ಕಂಪನಿಗಳು ಊರೂರಿಗೆ ಬಂದವು. ಗೆಳತಿಯರ ಸಾಕ್ಷಿ ಗೆಳತಿಯರ ಒತ್ತಡವಾಯಿತು. 2009ರಲ್ಲಿ ಕೋಲಾರದಲ್ಲಿ ಮರುಪಾವತಿ ಬಿಕ್ಕಟ್ಟು ಎದ್ದಿತು. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು.

ಸಿದ್ಧಾಂತಗಳು ಹೇಳಿದ್ದು

ಈ ವ್ಯವಸ್ಥೆಗಳು ಬೆಳೆದ ಅವಧಿಯಲ್ಲೇ ಉಳಿತಾಯದ ಅರ್ಥಶಾಸ್ತ್ರವೂ ಬೆಳೆಯಿತು. 1936ರಲ್ಲಿ ಕೇನ್ಸ್, ಕೆಟ್ಟ ಕಾಲದಲ್ಲಿ ಎಲ್ಲರೂ ಒಟ್ಟಿಗೇ ಕೈ ಬಿಗಿಹಿಡಿದರೆ ವ್ಯಾಪಾರ ಕುಸಿದು ಎಲ್ಲರ ಆದಾಯವೂ ಇಳಿಯುತ್ತದೆ ಎಂದು ತೋರಿಸಿದರು. ಸಂತೆಯಲ್ಲಿ ನಾವು ಬಿಚ್ಚುವ ಕಾಸೇ ತರಕಾರಿಯವಳ ಅಂದಿನ ಗಳಿಕೆ, ಖರ್ಚು ಪಾಪವಲ್ಲ. ಐವತ್ತರ ದಶಕದಲ್ಲಿ ಮೊಡಿಗ್ಲಿಯಾನಿ ಮನುಷ್ಯ ದುಡಿಯುವ ವಯಸ್ಸಿನಲ್ಲಿ ಕೂಡಿಟ್ಟು ಮುಪ್ಪಿನಲ್ಲಿ ಖರ್ಚು ಮಾಡುತ್ತಾನೆಂಬ ಮಾದರಿ ಕೊಟ್ಟರು. ತಿಂಗಳ ಸಂಬಳದವರಿಗೆ ಅದು ಒಪ್ಪುತ್ತದೆ. ಮಳೆ ನೋಡಿ ಬದುಕುವ ರೈತನಿಗೆ ಏರಿಳಿತ ಬರುವುದು ಸುಗ್ಗಿಯಿಂದ ಸುಗ್ಗಿಗೆ, ಕೂಲಿಯವನಿಗೆ ವಾರದಿಂದ ವಾರಕ್ಕೆ. ಮುಂದೆ ರಿಚರ್ಡ್ ಥೇಲರ್, ಜನ ಇದು ಮನೆ ಖರ್ಚಿಗೆ, ಇದು ಮಗುವಿನ ಫೀಸಿಗೆ ಎಂದು ಮನಸ್ಸಿನಲ್ಲೇ ಹಣಕ್ಕೆ ಬೇರೆ ಬೇರೆ ಗೂಡು ಮಾಡಿಕೊಳ್ಳುತ್ತಾರೆಂದು ವಿವರಿಸಿದರು. ಪಿಗ್ಮಿ ಏಜೆಂಟರಿಗೆ, ಸಂಘದ ಹೆಂಗಸರಿಗೆ ಅದು ದಿನನಿತ್ಯದ ಅನುಭವ.

ಇಂದಿನ ಅಳತೆ

2016ರಲ್ಲಿ ಯುಪಿಐ ಬಂದ ಮೇಲೆ ಹಣ ಕೈಬಿಡುವುದು ಒಂದು ಬೆರಳಿನ ಕೆಲಸ. ಎಸ್‌ಐಪಿಗೆ ಹರಿಯುವ ಹಣ 2024ರಲ್ಲಿ ತಿಂಗಳಿಗೆ 20,000 ಕೋಟಿ ರೂಪಾಯಿ ದಾಟಿತು. ಇನ್ನೊಂದೆಡೆ ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ 2022–23ರಲ್ಲಿ ಜಿಡಿಪಿಯ ಶೇ 5ರ ಆಸುಪಾಸಿಗೆ ಇಳಿದು ದಶಕಗಳಲ್ಲೇ ಕಡಿಮೆಯಾಯಿತು. ಸಾಲ ಹೆಚ್ಚಿದ್ದು ಅದಕ್ಕೆ ಮುಖ್ಯ ಕಾರಣ. ಸಾಲದ ಆ್ಯಪ್ ನಿಮಿಷದಲ್ಲಿ ದುಡ್ಡು ಕೊಡುತ್ತದೆ. ಹಗೇವಿನ ಮುಚ್ಚಳದಂಥ ತಡೆ ಎಲ್ಲೂ ಇಲ್ಲ. ಹಾಗಿದ್ದೂ 2023ರಿಂದ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯನ್ನು ಕೂಡಿಟ್ಟು ಹೊಲಿಗೆ ಯಂತ್ರ, ಫ್ರಿಜ್ ಕೊಂಡ ಹೆಂಗಸರ ಸುದ್ದಿಗಳು ಬರುತ್ತಲೇ ಇವೆ. ತನ್ನ ಹೆಸರಿಗೆ ತಪ್ಪದೆ ಬರುವ ಹಣವಿದ್ದರೆ ಅದನ್ನು ಗಂಟು ಮಾಡುವ ಜಾಣ್ಮೆ ಜನರಲ್ಲಿ ಮೊದಲಿನಿಂದಲೂ ಇದೆ.

ಈ ಇಡೀ ದಾರಿ ನೋಡಿದಾಗ ನನಗೆ ಮೂರು ಮಾತು ಖಚಿತವಾಗುತ್ತವೆ. ದುಡ್ಡು ಕೈಗೆ ಬಂದ ದಿನವೇ ಒಂದು ಪಾಲು ಬೇರೆಯಾಗಬೇಕು. ತಿಂಗಳ ಕೊನೆಗೆ ಉಳಿದದ್ದು ಉಳಿತಾಯ ಎಂದುಕೊಂಡವರಿಗೆ ಏನೂ ಉಳಿಯುವುದಿಲ್ಲ. ಆ ಪಾಲಿಗೆ ಒಂದು ಹೆಸರು, ಒಂದು ದಿನಾಂಕ ಇರಬೇಕು: ಫೀಸು, ಬಾಣಂತನ, ಬಿತ್ತನೆ, ತಂದೆಯ ಕಣ್ಣಿನ ಆಪರೇಷನ್. ಮತ್ತು ಆ ದಿನ ಬಂದಾಗ ಮನಸ್ಸು ಗಟ್ಟಿಮಾಡಿ ಖರ್ಚು ಮಾಡಬೇಕು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ನಿಜ. ಕುಡಿಕೆ ತುಂಬಿದ್ದರೂ ಔಷಧಿಗೆ ಹಿಂದೆಮುಂದೆ ನೋಡುವ ಮನೆಯೂ ಬಡ ಮನೆಯೇ. ಸರ್ಕಾರಗಳೂ ಬ್ಯಾಂಕುಗಳೂ ತೆರೆದ ಖಾತೆಗಳ ಸಂಖ್ಯೆಯನ್ನು ಸಾಧನೆಯೆಂದು ತೋರಿಸುತ್ತವೆ. ಕಾಯಿಲೆ ಬಿದ್ದಾಗ, ಮಳೆ ತಪ್ಪಿದಾಗ ಎಷ್ಟು ಕುಟುಂಬಗಳು ಮೀಟರ್ ಬಡ್ಡಿಗೆ ಹೋಗದೆ ದಾಟಿಕೊಂಡವು ಎಂಬುದನ್ನು ಅವು ಎಣಿಸಲಿ. ಉಳಿತಾಯ ಗೆದ್ದಿದೆಯೋ ಸೋತಿದೆಯೋ ಎಂಬುದು ಆ ಲೆಕ್ಕದಲ್ಲಿ ತಿಳಿಯುತ್ತದೆ.